ಹಿಂದಿನ ಕಿಟಕಿಯ ಹೆಜ್ಜೆ

“ಬ್ರೇಕ್ ಹಾಕ್ಬೇಡಿ ರೀ, ಸ್ಟೂಲ್ ಮೇಲಿದೀನಿ!”

ಹಾಗೆ ಕೂಗಿದಾಕೆ ಓಡುತ್ತಿದ್ದ ಗಾಡಿಯೊಳಗೆ ಒಂದು ಕೈಯಲ್ಲಿ ಕಪಾಟಿನ ಹಿಡಿ, ಇನ್ನೊಂದರಲ್ಲಿ ಹಸಿರು ಬಟ್ಟೆ ಹಿಡಿದು, ಕಪಾಟಿನ ನೆತ್ತಿ ಒರೆಸುತ್ತಿದ್ದಳು. ಇದು ನಡೆದ ಕಥೆಯೇ. ಆದರೆ ಬಹುಭಾಗ ನಡೆದದ್ದು ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ, ಹಾಗಾಗಿ ಓಡಿದ ಕಥೆ ಎಂದರೂ ತಪ್ಪಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ಗಂಡನಿಗೆ ಕನ್ನಡಿಯಲ್ಲಿ ಸ್ಟೂಲಿನ ಮೇಲಿನ ಎರಡು ಕಾಲು ಮಾತ್ರ ಕಂಡವು. ಬ್ರೇಕ್ ಒತ್ತಿದರೆ ಹೆಂಡತಿ ಮೈಮೇಲೆ ಬರುತ್ತಾಳೆ, ಒತ್ತದಿದ್ದರೆ ಎದುರಿನ ಲಾರಿ. ಯಾವುದು ಮೇಲು ಎಂದು ಅರೆಗಳಿಗೆ ಯೋಚಿಸಿ ಅವನು ಕಾಲನ್ನು ಮೊಟ್ಟೆಯ ಮೇಲಿಟ್ಟಂತೆ ಇಟ್ಟ.

“ಪೇಶೆಂಟ್ ಇನ್ನೂ ಇದಾರಾ ಸಿಸ್ಟರ್?” ಎಂದ, ಆಸ್ಪತ್ರೆಯ ದೊಡ್ಡ ಡಾಕ್ಟರ ಮೂಗಿನ ದನಿಯಲ್ಲಿ.

“ಪೇಶೆಂಟ್ ಗಟ್ಟಿ ಇದಾರೆ. ಡ್ರೈವರ್ ಉಳಿಯೋದೇ ಅನುಮಾನ.”

ಅವಳು ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿಯಾಗಿದ್ದವಳು. ಅವಳು ಬರುವ ಮುಂಚೆ ಅವಳ ವಾಸನೆ ಬರುತ್ತದೆಂದು ಕೆಲಸದವರು ಇಟ್ಟ ಹೆಸರು ಫಿನಾಯಿಲಕ್ಕ. ಬೆರಳ ತುದಿಯನ್ನು ಬಾಗಿಲ ಚೌಕಟ್ಟಿನ ಮೇಲೆ ಎಳೆದು, ಧೂಳನ್ನು ಗುಡಿಸುವವಳ ಮೂಗಿನ ಮುಂದೆ ಹಿಡಿದು, “ಈ ಮೂಲೆ ಯಾರ ಅತ್ತೆ ಮನೇದಮ್ಮಾ?” ಎಂದು ಕೇಳುವುದು ಅವಳ ಪದ್ಧತಿ. ಆ ಪ್ರಶ್ನೆಗೆ ಉತ್ತರ ಹೇಳಿದವರು ಯಾರೂ ಇರಲಿಲ್ಲ, ಅತ್ತವರು ಇದ್ದರು. ಗಂಡ ಅದೇ ಆಸ್ಪತ್ರೆಯ ಡ್ರೈವರ್. ಸೈರನ್ ಕೆಟ್ಟ ದಿನ ಕಿಟಕಿಯಿಂದ ತಲೆ ಹೊರಹಾಕಿ ಬಾಯಲ್ಲೇ ಊಳಿಟ್ಟು ದಾರಿ ಬಿಡಿಸಿಕೊಂಡವನಾದ್ದರಿಂದ ಅವನಿಗೆ ಸೈರನ್ ಎಂದೇ ಹೆಸರು. ಡಾಕ್ಟರು, ನರ್ಸಮ್ಮ, ಕೆಟ್ಟುಹೋದ ಲಿಫ್ಟು, ಯಾರ ದನಿ ಬೇಕೋ ಅವನ ಗಂಟಲಲ್ಲಿತ್ತು.

ಗಾಡಿಯೂ ಆಸ್ಪತ್ರೆಯದೇ. ಹನ್ನೊಂದು ವರ್ಷ ಊರೂರಿಗೆ ಹೋಗಿ ಕೂಸುಗಳಿಗೆ ಲಸಿಕೆ ಹಾಕಿಬರುತ್ತಿದ್ದ ವ್ಯಾನು ಅದು. ಓಡಿಸುತ್ತಿದ್ದವನು ಅವನು, ಸಂಜೆ ತೊಳೆಯುತ್ತಿದ್ದವಳು ಅವಳು. ಆಸ್ಪತ್ರೆ ಹೊಸ ವ್ಯಾನು ತಂದಾಗ ಹಳೆಯದನ್ನು ಹರಾಜಿಗಿಟ್ಟರು. ನಿವೃತ್ತನಾಗಿದ್ದ ಸೈರನ್ ಬೀದಿನಾಯಿಯನ್ನು ಎತ್ತಿಕೊಂಡು ಬಂದವನಂತೆ ಅದನ್ನು ಮನೆಗೆ ತಂದ. ಬಡಗಿಯನ್ನು ಕೂರಿಸಿಕೊಂಡು ಮಂಚ, ಕಪಾಟು, ಎರಡು ಉರಿಯ ಒಲೆ, ಕೈತೊಳೆಯುವ ತೊಟ್ಟಿ, ಕಪಾಟಿನಷ್ಟೇ ಇಕ್ಕಟ್ಟಾದ ಬಚ್ಚಲು ಮಾಡಿಸಿದ. ಬಾಗಿಲ ಮೇಲೆ ಮೋಟಾರ್‌ಹೋಮ್ ಎಂದು ಬರೆಸಿದ. “ಇನ್ನು ಕೈಗೆ ಸ್ಟಿಯರಿಂಗ್ ಹಿಡಿಯೋ ಶಕ್ತಿ ಇರೋ ತನಕ ಇದೇ ನಮ್ಮನೆ,” ಎಂದ. ಮನೆಯಲ್ಲಿ ಮೊದಲಿಂದಲೂ ಇಬ್ಬರೇ. ಬೀಗ ಹಾಕಿ ಹೊರಡುವುದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ, ಅವಳನ್ನು ಬಿಟ್ಟು.

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ತಿಂಗಳು ನೋಡೋಣ ಎಂದಳು. ತಿಂಗಳು ಮುಗಿಯುವುದು ಬರುವ ಭಾನುವಾರ. ಅವಳಿಗೆ ಹಿಡಿಸದಿದ್ದರೆ ಗಾಡಿಯನ್ನು ಕೊಳ್ಳಲು ನಲ್ಲಿ ರಿಪೇರಿಯವನೊಬ್ಬ ತುದಿಗಾಲಲ್ಲಿ ನಿಂತಿದ್ದ. ಪೈಪು ತುಂಬಿಕೊಂಡು ತಿರುಗಾಡಲು ಅವನಿಗೆ ಇಂಥದೇ ಬೇಕಂತೆ. ದಿನಾ ಸಂಜೆ ಆರಕ್ಕೆ ಸರಿಯಾಗಿ ಅವಳಿಗೇ ಫೋನು. “ಏನಾಯ್ತಕ್ಕಾ?” “ಭಾನುವಾರ ಹೇಳ್ತೀನಪ್ಪಾ.” ಆ ಮಾತು ಕೇಳಿದಾಗಲೆಲ್ಲ ಸೈರನ್ ಎದ್ದುಹೋಗಿ ಟೈರು ಒತ್ತಿ ನೋಡುತ್ತಿದ್ದ. ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕೂತು ಯೋಚಿಸಿದರೆ ತಾನೇ ಗೊತ್ತಾಗುವುದು? ಅವಳು ಕೂರುತ್ತಲೇ ಇರಲಿಲ್ಲ.

ಕೆಂಪು ಬಟ್ಟೆ ಬಚ್ಚಲಿಗೆ, ಹಸಿರು ಅಡುಗೆಗೆ, ನೀಲಿ ಹಾಸಿಗೆ ಮತ್ತು ಕಿಟಕಿಗೆ. ಆಸ್ಪತ್ರೆಯ ಕಾನೂನು ಗಾಡಿಗೂ ಬಂತು. ಇಂಥ ಗಾಡಿಗಳು ತಂಗುವ ಕ್ಯಾಂಪ್ ಮೈದಾನದಿಂದ ಹೊರಡುವಾಗಲೆಲ್ಲ ರೋಗಿ ಡಿಸ್ಚಾರ್ಜ್ ಆದ ಹಾಸಿಗೆಯನ್ನು ಶುದ್ಧ ಮಾಡುವ ಹಾಗೆ ಹಾಸಿಗೆ ಎತ್ತಿ, ಹಲಗೆ ಒರೆಸಿ, ನೆಲಕ್ಕೆ ಎರಡು ಕೈ ನೀರು. ತಲುಪಿದ ಮೇಲೆ ಹೊಸ ಅಡ್ಮಿಶನ್‌ಗೆಂದು ಮತ್ತೊಮ್ಮೆ. ಗಾಡಿ ಹೊರುವ ನೀರು ತೊಂಬತ್ತು ಲೀಟರ್. ಕೊಳೆನೀರಿನ ತೊಟ್ಟಿ ಅದಕ್ಕಿಂತ ಚಿಕ್ಕದು. ಅದು ತುಂಬಿದರೆ ಡ್ರೈವರಿನ ಮುಂದೆ ಕೆಂಪು ದೀಪ ಹತ್ತುತ್ತದೆ, ಕೊಳೆನೀರು ಬಿಡಲು ಜಾಗವಿರುವ ಮೈದಾನವನ್ನು ಹುಡುಕಿ ಹೊರಡಬೇಕು. ಬೇರೆಯವರು ನಾಲ್ಕು ದಿನಕ್ಕೆ ತುಂಬಿಸುವ ತೊಟ್ಟಿಯನ್ನು ಅವಳು ಒಂದೂವರೆ ದಿನಕ್ಕೆ ತುಂಬಿಸುತ್ತಿದ್ದಳು. ಹೀಗಾಗಿ ಇಪ್ಪತ್ತಾರು ದಿನದಲ್ಲಿ ಹದಿನೇಳು ಮೈದಾನ ಮುಗಿದಿದ್ದವು. ಒಂದನ್ನೂ ನೋಡಿರಲಿಲ್ಲ.

“ಜನ ಊರು ನೋಡೋಕೆ ಹೋಗ್ತಾರೆ, ನಾವು ಚರಂಡಿ ನೋಡೋಕೆ ಬಂದಿದೀವಿ,” ಎಂದ ಸೈರನ್. “ಈ ಸಲ ಕೆರೆ ದಂಡೆ. ಮೂರು ದಿನ ಅಲ್ಲಾಡಲ್ಲ.”

“ಆಯ್ತು ಮಾರಾಯ್ರೇ, ಅಲ್ಲಾಡಲ್ಲ,” ಎಂದಳು, ಸ್ಟೂಲಿಂದ ಇಳಿಯುತ್ತ.

ಕೆರೆಯ ಮೈದಾನ ಚೆನ್ನಾಗಿತ್ತು. ಅವನು ಎರಡು ಮಡಚು ಕುರ್ಚಿಗಳನ್ನು ನೀರಿಗೆ ಮುಖಮಾಡಿ ಹಾಕಿದ. ಅವಳು ಕೂತಳು. ಮರಳು ಚಪ್ಪಲಿಗೆ ಅಂಟಿತ್ತು, ಒದರಿ ಬಂದಳು. ಕೂತಳು. ಕಾಲೊರೆಸು ವಾರೆಯಾಗಿತ್ತು, ಸರಿಮಾಡಿ ಬಂದಳು. ಕೂತಳು. ಒಳಗೆ ನಲ್ಲಿ ತೊಟ್ಟಿಕ್ಕುತ್ತಿರಬಹುದು ಅನ್ನಿಸಿತು. ತೊಟ್ಟಿಕ್ಕುತ್ತಿರಲಿಲ್ಲ, ಅದಕ್ಕೂ ಬೇಸರವಾಯಿತು. ಹೊತ್ತು ಮುಳುಗುವುದರೊಳಗೆ ಅವಳ ಕುರ್ಚಿ ಬಿಸಿಯಾಗಲೇ ಇಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಗಂಡ ಚಹಾಕ್ಕೆ ಇಟ್ಟು ಹೊರಗೆ ಹಲ್ಲುಜ್ಜುತ್ತಿದ್ದ. ಇಬ್ಬರ ಉಸಿರಿಗೂ ಕೆಟಲಿನ ಹಬೆಗೂ ಗಾಜುಗಳೆಲ್ಲ ಮಂಜುಗಟ್ಟಿದ್ದವು. ನೀಲಿ ಬಟ್ಟೆ ಹಿಡಿದು ಹಿಂದಿನ ಕಿಟಕಿಗೆ ಬಂದವಳು ಅಲ್ಲೇ ನಿಂತಳು. ಗಾಜಿನ ಕೆಳಗಡೆ ಬಲಮೂಲೆಯಲ್ಲಿ ಒಂದು ಹೆಜ್ಜೆ. ಬೆರಳೈದೂ ಬಿಡಿಬಿಡಿಯಾಗಿ ಮೂಡಿದ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಪಾದ. ಅದೂ ಗಾಜಿನ ಒಳಮೈಯಲ್ಲಿ.

“ರೀ! ನಮ್ಮ ಗಾಡಿಯೊಳಗೆ ಯಾರದೋ ಮಗು ಬಂದಿತ್ತು!”

ಸೈರನ್ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ನೋಡಿದ. ಕಣ್ಣರಳಿಸಿದ. “ಸೋಂಕು ತಡೆ ಸಮಿತಿಯ ತುರ್ತು ಸಭೆ ಕರೀಬೇಕು,” ಎಂದ ದೊಡ್ಡ ಡಾಕ್ಟರ ದನಿಯಲ್ಲಿ, ನೊರೆ ಉಗುಳದೆ.

ಅವಳಿಗೆ ನಗು ಬರಲಿಲ್ಲ. ಒರೆಸುವ ಮುಂಚೆ ಕಾಗದ ಒತ್ತಿ ಅಳತೆ ಗುರುತು ಮಾಡಿಕೊಂಡಳು. ಪಕ್ಕದ ಟೆಂಟಿನಲ್ಲಿ ಶಾಲೆಯ ಟೀಚರೊಬ್ಬಳು ಹತ್ತು ತಿಂಗಳ ಮಗಳೊಂದಿಗೆ ಬಂದಿದ್ದಳು. ಫಿನಾಯಿಲಕ್ಕ ಕಾಗದ ಹಿಡಿದು ಅಲ್ಲಿಗೆ ಹೋದಳು.

“ನಿಮ್ಮ ಕೂಸಿನ ಕಾಲು ಸ್ವಲ್ಪ ತೋರಿಸ್ತೀರಾ?”

ಟೀಚರು ಗಾಬರಿಯಿಂದ ಮಗುವನ್ನು ಮುಂದೆ ಹಿಡಿದಳು. ಕಾಗದದ ಅಳತೆಗೂ ಕಾಲಿಗೂ ಅರ್ಧ ಬೆರಳು ವ್ಯತ್ಯಾಸ. ಅಲ್ಲಿಗೆ ಬಿಟ್ಟು ಬಂದಿದ್ದರೆ ಆಗುತ್ತಿತ್ತು. ಆದರೆ ಅಂಗಾಲಿಗೆ ಮರಳು ಮೆತ್ತಿತ್ತು. ಅವಳ ಕೈ ಅವಳನ್ನು ಕೇಳಲೇ ಇಲ್ಲ, ನೀಲಿ ಬಟ್ಟೆಯಿಂದ ಆ ಕಾಲನ್ನು ಒರೆಸಿಬಿಟ್ಟಿತು. ಮಗು ಕಿಟಾರನೆ ಕಿರುಚಿತು.

“ಇನ್ನೂ ನೆಟ್ಟಗೆ ತೆವಳೋಕೇ ಬರಲ್ಲ ಇವಳಿಗೆ, ನಿಮ್ಮ ಕಿಟಕಿ ಹತ್ತಿದ್ಲಾ?” ಟೀಚರಿನ ಮುಖ ಕೆಂಪಾಗಿತ್ತು. “ನನ್ನ ಮಗಳು ಕೊಳಕು ಅಂತ ಹೇಳೋಕೆ ಇಷ್ಟು ದೂರ ಬಂದ್ರಾ? ಸುಮ್ನೆ ಹೋಗಿ ಅಮ್ಮಾ.”

ಫಿನಾಯಿಲಕ್ಕ ಸುಮ್ಮನೆ ಬಂದಳು. ಬಂದು ಗಾಡಿಯ ನೆಲಕ್ಕೆ ಮೂರು ಕೈ ನೀರು ಹಾಕಿದಳು. ಮಧ್ಯಾಹ್ನಕ್ಕೆ ಕೆಂಪು ದೀಪ ಹತ್ತಿತು. ಮಡಚು ಕುರ್ಚಿಗಳನ್ನು ಎತ್ತಿಡುವಾಗ ಸೈರನ್ ಒಂದು ಮಾತೂ ಆಡಲಿಲ್ಲ, ಯಾರ ದನಿಯಲ್ಲೂ.

ಮುಂದಿನ ಮೈದಾನ ಗುಡ್ಡದ ಬುಡದಲ್ಲಿತ್ತು. ನೆಲವೆಲ್ಲ ಜಲ್ಲಿ. ಎರಡನೆಯ ಬೆಳಿಗ್ಗೆ ಹೆಜ್ಜೆ ಮತ್ತೆ ಬಂತು. ಈ ಸಲ ಕಿಟಕಿಯಲ್ಲಲ್ಲ, ಚಾವಣಿಯಲ್ಲಿ, ಗಾಳಿಗೆಂದು ತೆರೆಯುವ ಗಾಜಿನ ಮುಚ್ಚಳದ ಒಳಗಡೆ. ಮಂಚದ ಮೇಲೆ ಮಲಗಿ ಕಣ್ಣು ಬಿಟ್ಟವಳಿಗೆ ಮೊದಲು ಕಂಡದ್ದೇ ಅದು.

“ತಲೆಕೆಳಗಾಗಿ ನಡೆಯೋ ಮಗು,” ಎಂದ ಸೈರನ್. “ಲಸಿಕೆ ಡೋಸ್ ಜಾಸ್ತಿಯಾಗಿರಬೇಕು.”

“ನಿಮಗೆ ಎಲ್ಲಾ ತಮಾಷೆ. ಗಾಡಿಗೆ ಎಲ್ಲಿಂದಲೋ ದಾರಿ ಇದೆ. ದಾರಿ ಇದ್ರೆ ಕೊಳೆ ಬರತ್ತೆ.”

ಅವಳು ಮೈದಾನದ ಮ್ಯಾನೇಜರ ಹತ್ತಿರ ಹೋದಳು. ನಗುವುದಕ್ಕೆ ಮೇಲಿನವರ ಅನುಮತಿ ಬೇಕು ಎಂಬಂಥ ಮುಖದ ಮನುಷ್ಯ ಅವರು. ದೂರಿನ ಪುಸ್ತಕ ತೆರೆದು, ಕನ್ನಡಕ ಏರಿಸಿ, “ಕಳುವಾದ ವಸ್ತು?” ಎಂದರು.

“ಏನೂ ಕಳುವಾಗಿಲ್ಲ ಸರ್. ಒಂದು ಹೆಜ್ಜೆ ಹೆಚ್ಚಾಗಿದೆ.”

ಅವರು ‘ಕಳುವಾದ’ ಎಂಬುದನ್ನು ಹೊಡೆದುಹಾಕಿ ‘ಹೆಚ್ಚಾದ’ ಎಂದು ಬರೆದರು. ಟೇಪು ತಂದು, ಸ್ಟೂಲು ಹತ್ತಿ, ಚಾವಣಿ ಅಳೆದರು. ಕೆರೆ ದಂಡೆಯ ಕಾಗದವನ್ನೂ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿದರು.

“ಒಂದು ವಿಷಯ ಗಮನಿಸಿದ್ರಾ ಅಮ್ಮಾ? ಎರಡೂ ಎಡಗಾಲೇ.”

ಅವಳು ಗಮನಿಸಿರಲಿಲ್ಲ. ಮಗು ಯಾವುದೇ ಆಗಲಿ, ಬಲಗಾಲನ್ನು ಎಲ್ಲಿಟ್ಟಿತು?

“ವಿಚಾರಣೆ ಮಾಡಿ ಫೋನ್ ಮಾಡ್ತೀನಿ,” ಎಂದು ಮ್ಯಾನೇಜರು ಅವಳ ನಂಬರ್ ಬರೆದುಕೊಂಡರು. ಗಾಡಿಯ ಮರೆಯಲ್ಲಿ ಸೈರನ್‌ಗೆ ಜೋರಾಗಿ ಕೆಮ್ಮು ಬಂತು.

ಶನಿವಾರ ಸಂಜೆ ಮತ್ತೊಂದು ಮೈದಾನ. ಆರಕ್ಕೆ ನಲ್ಲಿಯವನ ಫೋನು. “ನಾಳೆ ತಾನೇ ಅಕ್ಕಾ?” “ಹೂಂ, ನಾಳೆ.” ಸೈರನ್ ಟೈರು ಒತ್ತಿ ನೋಡಲು ಹೋದ. ಅವಳು ಅನ್ನಕ್ಕಿಟ್ಟು, ಹಬೆಗೆ ಮಸುಕಾದ ಗಾಜಿನಾಚೆ ಅವನನ್ನು ಇಣುಕಿ ನೋಡಲೆಂದು ಬಗ್ಗಿದಳು. ಆಯ ತಪ್ಪದಿರಲಿ ಎಂದು ಮುಷ್ಟಿ ಬಿಗಿದ ಎಡಗೈಯನ್ನು ಗಾಜಿಗೆ ಆನಿಸಿದ್ದಳು. ಕೈ ತೆಗೆದಾಗ ಗಾಜಿನ ಮೇಲೆ ಅಂಗಾಲು ಮೂಡಿತ್ತು. ಬೆರಳಿಲ್ಲದ, ಪುಟ್ಟ, ಎಡಗಾಲಿನ ಅಂಗಾಲು.

ಅವಳು ನಿಧಾನಕ್ಕೆ ತೋರುಬೆರಳ ತುದಿಯಿಂದ ಮೇಲೆ ಐದು ಚುಕ್ಕಿ ಇಟ್ಟಳು. ಹೆಜ್ಜೆ ಪೂರ್ತಿಯಾಯಿತು. ಹೊರಗೆ ಮೂವತ್ತೆರಡು ವರ್ಷದಿಂದ ಗಂಡನಾಗಿದ್ದವನು ನಾಲ್ಕನೆಯ ಟೈರು ಒತ್ತುತ್ತಿದ್ದ. ಅವಳು ಅದನ್ನು ಒರೆಸಿ, ಅನ್ನ ಇಳಿಸಿ, ಬಾಯಿಗೆ ಬೀಗ ಹಾಕಿಕೊಂಡು ಮಲಗಿದಳು.

ಬೆಳಕು ಹರಿಯುವಾಗ ಕೆಟಲಿನ ಸದ್ದಾಯಿತು. ಅವಳು ಒಂದೇ ಕಣ್ಣು ಬಿಟ್ಟಳು. ಸೈರನ್ ಬೆಕ್ಕಿನಂತೆ ಹಿಂದಿನ ಕಿಟಕಿಗೆ ನಡೆದು, ಗಾಜಿಗೊಮ್ಮೆ ಹಾ ಎಂದು ಉಸಿರು ಬಿಟ್ಟು, ಎಡಮುಷ್ಟಿಯನ್ನು ಒತ್ತಿದ. ನಾಲಿಗೆಯ ತುದಿ ಹೊರಗಿತ್ತು, ಕೊನೆಯ ಪರೀಕ್ಷೆ ಬರೆಯುವ ಹುಡುಗನ ಹಾಗೆ. ಹೆಬ್ಬೆರಳಿನ ಚುಕ್ಕಿ ಇಟ್ಟ. ಎರಡನೆಯದು. ಮೂರನೆಯದು.

“ಈ ಮೂಲೆ ಯಾರ ಅತ್ತೆ ಮನೇದು?”

ಅವನು ಹಾರಿಬಿದ್ದು ತಲೆಯನ್ನು ಕಪಾಟಿಗೆ ಹೊಡೆದುಕೊಂಡ. ಕಪಾಟಿನಲ್ಲಿದ್ದ ಲೋಟಗಳೆಲ್ಲ ಒಂದಕ್ಕೊಂದು ವಿಷಯ ತಿಳಿಸಿದವು.

“ನನ್ನ ಅತ್ತೆ ಮನೇದು,” ಎಂದ ತಲೆ ಉಜ್ಜಿಕೊಳ್ಳುತ್ತ. “ಉತ್ತರ ಹೇಳಿದ ಮೊದಲನೇ ಮನುಷ್ಯ ನಾನೇ ಇರಬೇಕು.”

“ನಗಿಸ್ಬೇಡಿ. ಆ ಟೀಚರಮ್ಮನ ಮುಂದೆ ನನ್ನ ಮಾನ ಹರಾಜಾಯ್ತು. ಮ್ಯಾನೇಜರು ಟೇಪ್ ಹಿಡಿದು ಚಾವಣಿ ಅಳೆದ್ರು. ನೀವು ಕೆಮ್ಮತಾ ನಿಂತಿದ್ರಿ. ಯಾಕ್ರೀ? ಒಂದು ತಿಂಗಳಿಂದ ಈ ಡಬ್ಬೀನ ತಿಕ್ಕಿ ತಿಕ್ಕಿ ಬೆರಳು ಸವೆಸ್ತಿದೀನಿ, ನೀವು ಗಲೀಜು ಮಾಡ್ತಾ ಕೂತಿದೀರಾ?”

ಸೈರನ್ ಮಂಚದ ಅಂಚಿನಲ್ಲಿ ಕೂತ. ಈ ಸಲ ಬಂದದ್ದು ಅವನದೇ ದನಿ. ಅಪರೂಪದ ದನಿಯಾದ್ದರಿಂದ ಸ್ವಲ್ಪ ತುಕ್ಕು ಹಿಡಿದಿತ್ತು.

“ಲಸಿಕೆ ದಿನಗಳು ಜ್ಞಾಪಕ ಇದೆಯಾ? ಸೂಜಿ ಕಾಣ್ಬಾರದು ಅಂತ ತಾಯಂದಿರು ಕೂಸುಗಳನ್ನ ಈ ಕಿಟಕಿ ಹತ್ರ ಬೆಂಚಿನ ಮೇಲೆ ನಿಲ್ಲಿಸಿ ಹೊರಗೆ ಕಾಗೆ ತೋರಿಸೋರು. ಅವು ಗಾಜನ್ನ ಒದೆಯೋವು. ಸಂಜೆ ಹೊತ್ತಿಗೆ ಗಾಜಿನ ತುಂಬಾ ಕಾಲು.”

“ಒರೆಸ್ತಿದ್ದೆ ನಾನು. ದಿನಾ.”

“ಒಂದು ಬಿಟ್ಟು.”

ಅವಳ ಕಣ್ಣು ಕಿಟಕಿಯ ಕೆಳಮೂಲೆಗೆ ಹೋಯಿತು.

“ಬಲಗಡೆ, ಕೆಳಗೆ. ದಿನಾ ಒಂದನ್ನ ಬಿಡ್ತಿದ್ದೆ ನೀನು. ಬೆಳಿಗ್ಗೆ ಬಂದು ಮೊದಲು ಅದನ್ನ ಒರೆಸಿ ಆಮೇಲೆ ಬಾಗಿಲು ತೆಗೀತಿದ್ದೆ. ಡ್ರೈವರಿಗೆ ಕನ್ನಡಿ ಕೊಟ್ಟಿರ್ತಾರಲ್ಲ. ಹನ್ನೊಂದು ವರ್ಷ ನೋಡಿದೀನಿ. ಯಾರಿಗೂ ಹೇಳಿಲ್ಲ. ನಿನಗೂ. ಈಗಲೂ ಒಂದನ್ನ ಬಿಡ್ತೀಯಾ ಅಂತ ನೋಡ್ಬೇಕಿತ್ತು.”

ಕೆಟಲು ಕುದಿದು ಕುದಿದು ಅರ್ಧವಾಯಿತು. ಚೌಕಟ್ಟಿನ ಮೇಲಿನ ಒಂದು ಗೆರೆ ಧೂಳಿಗೆ ಎಷ್ಟು ಜನರನ್ನು ಅಳಿಸಿದ್ದೇನೆಂದು ಅವಳು ಲೆಕ್ಕ ಇಟ್ಟಿರಲಿಲ್ಲ. ಬಿಟ್ಟ ಹೆಜ್ಜೆಗಳ ಲೆಕ್ಕವನ್ನೂ. ಯಾರೂ ಕಾಣಲಿಲ್ಲ ಎಂದುಕೊಂಡಿದ್ದಳು.

“ಗಾಡಿ ತೆಗೀರಿ,” ಎಂದಳು ಕೊನೆಗೆ.

“ಎಲ್ಲಿಗೆ? ನಲ್ಲಿಯವನ ಹತ್ರಾನಾ?”

“ಕೆರೆಗೆ. ಆ ಟೀಚರಮ್ಮನ ಕ್ಷಮೆ ಯಾರು ಕೇಳ್ತಾರೆ, ನಿಮ್ಮ ದೊಡ್ಡ ಡಾಕ್ಟರಾ?”

ಹೊರಡುವ ಮುಂಚೆ ಹಾಸಿಗೆ ಎತ್ತಲಿಲ್ಲ, ನೆಲಕ್ಕೆ ನೀರು ಹಾಕಲಿಲ್ಲ. ಕೋಪದಲ್ಲಿ ಮರೆತಳೋ ಏನೋ ಎಂದು ಸೈರನ್ ಕೇಳಲು ಬಾಯಿ ತೆರೆದು, ಅದರಲ್ಲಿ ಬಿಸ್ಕತ್ತು ಇಟ್ಟುಕೊಂಡ. ಮೂರು ಗಂಟೆ ದಾರಿ. ಅವಳು ಅವನ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂತಿದ್ದಳು. ಮಡಿಲಲ್ಲಿ ಕೈಗಳು ಒಂದನ್ನೊಂದು ಹಿಂಡುತ್ತಿದ್ದವು, ಬಟ್ಟೆಯಿಲ್ಲದೆ.

ಟೀಚರು ಟೆಂಟು ಬಿಚ್ಚುತ್ತಿದ್ದಳು. ಇವರನ್ನು ಕಂಡು ಮಗುವಿನ ಎರಡೂ ಕಾಲಿಗೆ ಸೆರಗು ಮುಚ್ಚಿದಳು. ಸೈರನ್ ತಲೆಯ ಬುಗುಟು ತೋರಿಸಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು, ಅವಳ ಕಾರಿನ ಗಾಜಿಗೆ ಹಾ ಎಂದು ಊದಿ ಮುಷ್ಟಿ ಒತ್ತಿ ಐದು ಚುಕ್ಕಿ ಇಟ್ಟ. ಟೀಚರು ಅದನ್ನು ನೋಡಿದಳು, ಮಗಳ ಕಾಲು ನೋಡಿದಳು, ಫಿನಾಯಿಲಕ್ಕನ ಮುಖ ನೋಡಿದಳು.

“ಇವರನ್ನ ಎಷ್ಟು ವರ್ಷದಿಂದ ಸಹಿಸ್ಕೊಂಡಿದೀರಾ ನೀವು?”

“ಮೂವತ್ತೆರಡು,” ಎಂದಳು ಫಿನಾಯಿಲಕ್ಕ. “ಅವತ್ತು ಕೈ ತಡೀಲಿಲ್ಲಮ್ಮಾ. ತಪ್ಪಾಯ್ತು. ಒಂದು ಸಲ ಎತ್ಕೊಳ್ಳಲಾ?”

ಟೀಚರು ಟೆಂಟು ಮಡಚುವಷ್ಟು ಹೊತ್ತೂ ಮಗು ಗಾಡಿಯೊಳಗಿತ್ತು. ಮಂಚದ ಮೇಲೆ ನಿಲ್ಲಿಸಿ, ಕಂಕುಳಿಗೆ ಕೈಕೊಟ್ಟು, ಫಿನಾಯಿಲಕ್ಕ ಹೊರಗಿನ ಕಾಗೆ ತೋರಿಸಿದಳು. ಮಗು ಕಾಗೆಯನ್ನು ನಂಬದೆ ಗಾಜನ್ನು ಒದೆಯಿತು. ಅಂಗಾಲಿನ ತುಂಬ ಮರಳಿತ್ತು. ಎಡಗಾಲು, ಬಲಗಾಲು, ಎರಡೂ.

ಸಂಜೆ ಟೀಚರು ಹೋದ ಮೇಲೆ ಅವಳು ನೀಲಿ ಬಟ್ಟೆ ಒದ್ದೆ ಮಾಡಿ ಕಿಟಕಿಗೆ ಬಂದಳು. ಸೈರನ್ ಮುಂದಿನ ಸೀಟಿನಲ್ಲಿ ದಾರಿನಕ್ಷೆ ಹಿಡಿದಿದ್ದ. ತಲೆಕೆಳಗಾಗಿ ಹಿಡಿದಿದ್ದ. ಗಡಿಯಾರ ಆರಕ್ಕೆ ಹತ್ತಿರವಿತ್ತು. ಅವಳು ಮೇಲಿಂದ ಒರೆಸುತ್ತ ಬಂದಳು. ಎಡಗಡೆ ಮುಗಿಯಿತು, ನಡುವೆ ಮುಗಿಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನ ಬೆನ್ನು ನೆಟ್ಟಗಾಯಿತು.

ಕೈ ಒದ್ದೆಯಾಗಿತ್ತೆಂದು ಅವಳು ಸ್ಪೀಕರ್ ಒತ್ತಿದಳು. ನಲ್ಲಿಯವನಲ್ಲ.

“ಅಮ್ಮಾ, ಗುಡ್ಡದ ಮೈದಾನದ ಮ್ಯಾನೇಜರು. ವಿಚಾರಣೆ ಮುಗೀತು. ನಮ್ಮಲ್ಲಿರೋ ಏಳು ಮಕ್ಕಳ ಎಡಗಾಲು ಅಳತೆ ತಗೊಂಡಿದೀನಿ. ಯಾವುದೂ ಹೊಂದಲಿಲ್ಲ. ‘ಮಕ್ಕಳನ್ನು ಚಾವಣಿಯ ಮೇಲೆ ನಡೆಸಬಾರದು’ ಅಂತ ಬೋರ್ಡ್ ಹಾಕಿಸಿದೀನಿ. ನಿಮಗೇನಾದ್ರೂ ಸುಳಿವು ಸಿಕ್ತಾ?”

ಫಿನಾಯಿಲಕ್ಕ ತುಟಿ ಕಚ್ಚಿಕೊಂಡಳು. “ಸಿಕ್ತು ಸರ್. ಮಗು ಸಿಕ್ತು. ಅರವತ್ತೊಂದು ವರ್ಷ. ತಲೇಲಿ ಬುಗುಟು ಇದೆ.”

ಆ ಕಡೆ ಪೆನ್ನಿನ ಸದ್ದು. ಅವರು ಬರೆದುಕೊಳ್ಳುತ್ತಿದ್ದರು. “ಅರವತ್ತೊಂದು... ತಿಂಗಳಾ ಅಮ್ಮಾ, ವರ್ಷಾನಾ?”

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. ಮೊದಲು ಭುಜ ಕುಣಿಯಿತು, ಆಮೇಲೆ ಮಂಚ. ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರೂ ನಗು ಅದರ ಸಂದಿಯಿಂದ ಚಿಮ್ಮಿತು. ಸೈರನ್ ನಕ್ಕ. ಫೋನಿನೊಳಗೆ ಮ್ಯಾನೇಜರು ಕೂಡ, ಅನುಮತಿ ಸಿಕ್ಕಿತೋ ಏನೋ, ಒಂದು ಸಲ ಹ್ಹೆ ಎಂದರು. ಎಲ್ಲರ ನಗುವನ್ನೂ ಮುಳುಗಿಸಿ ಅವಳು ನಗುತ್ತಿದ್ದಳು. ಕೆರೆಯ ಮೇಲಿನ ಹಕ್ಕಿಗಳು ಎದ್ದು ಜಾಗ ಬದಲಾಯಿಸಿದವು. ನಡುವೆ ನಲ್ಲಿಯವನ ಹೆಸರು ಫೋನಿನ ಮೇಲೆ ಮೂಡಿ, ಮಿನುಗಿ, ಆರಿತು.

ಉಸಿರು ಸಿಕ್ಕಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀಲಿ ಬಟ್ಟೆಯನ್ನು ಹಿಂಡಿ, ಮಡಚಿ, ಮೊಳೆಗೆ ಹಾಕಿದಳು. ಹೊರಗೆ ಮಡಚು ಕುರ್ಚಿಯಲ್ಲಿ ಹೋಗಿ ಕೂತಳು. ಸೈರನ್ ಕನ್ನಡಿಯನ್ನು ಒಂದಿಷ್ಟು ತಿರುಗಿಸಿದ. ಹಿಂದಿನ ಕಿಟಕಿಯ ಗಾಜಿನ ಬಲಗಡೆ, ಕೆಳಗೆ, ಮರಳಿನ ಒಂದು ಪುಟ್ಟ ಹೆಜ್ಜೆ ಉಳಿದಿತ್ತು, ಅದರ ಬೆರಳುಗಳ ನಡುವಿಂದ ಕೆರೆಯ ಬೆಳಕು ಬರುತ್ತಿತ್ತು.